'ಕಿಲ್' ಎಂದರೆ ಕೊಲ್ಲುವುದೇ?

ಭಾನುವಾರ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯುತ್ತ ನಾವು ಮೂವರು ಗೆಳೆಯರು ಕುಳಿತಿದ್ದೆವು. ಒಬ್ಬನ ಲ್ಯಾಪ್‌ಟಾಪಿನಲ್ಲಿ ಒಂದು ಪ್ರಕ್ರಿಯೆ (ಓಡುತ್ತಿರುವ ಪ್ರೋಗ್ರಾಮ್) ಎಷ್ಟು ಹೊಡೆದರೂ ಪಟ್ಟಿಯಿಂದ ಅಳಿಯದೆ ಕುಳಿತಿತ್ತು. "ಮಗ ಆಗಲೇ ಸತ್ತಿದ್ದಾನೆ, ಇನ್ನು ಅಪ್ಪನನ್ನು ಮುಗಿಸು" ಎಂದು ಇನ್ನೊಬ್ಬ ಗಟ್ಟಿಯಾಗಿ ಹೇಳಿದ. ದೋಸೆ ತಂದವರು ತಟ್ಟೆ ಇಡುವುದನ್ನು ಮರೆತು ನಮ್ಮ ಮುಖ ನೋಡಿದರು. ಅವರಿಗೆ ವಿವರಿಸಲು ಹೊರಟಾಗ ಹುಟ್ಟಿದ ಪ್ರಶ್ನೆ ಇದು: ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪ್ರಕ್ರಿಯೆಗಳನ್ನು ಮುಗಿಸಲು ಬಳಸುವ 'ಕಿಲ್' ಆದೇಶಕ್ಕೆ ಕನ್ನಡದಲ್ಲಿ ಏನೆನ್ನೋಣ?

'ಕೊಲ್ಲು' ನನಗೆ ಒಪ್ಪಿಗೆಯಿಲ್ಲ. ಅದು ಮಾಡುವುದು ಸಂಕೇತ ಕಳುಹಿಸುವ ಕೆಲಸವನ್ನಷ್ಟೆ. ಪ್ರತಿ ಸಂಕೇತಕ್ಕೂ ಒಂದು ಅಂಕಿ; ಅಂಕಿ ಹೇಳದಿದ್ದರೆ 15, ಅಂದರೆ 'ಇನ್ನು ಮುಗಿಸಿಕೋ' ಎಂಬ ಕೋರಿಕೆ, ಹೋಗುತ್ತದೆ. ಪಡೆದ ಪ್ರೋಗ್ರಾಮ್ ಕಡತಗಳನ್ನು ಮುಚ್ಚಿ, ಲೆಕ್ಕ ಚುಕ್ತಾ ಮಾಡಿ ಹೊರಡಬಹುದು. ಕಿವಿಗೆ ಹಾಕಿಕೊಳ್ಳದೆಯೂ ಇರಬಹುದು. ಸೊನ್ನೆ ಕೊಟ್ಟರೆ ಯಾವ ಸಂಕೇತವೂ ಹೋಗುವುದಿಲ್ಲ, ಆಸಾಮಿ ಇದ್ದಾನೆಯೇ ಎಂದು ಬಾಗಿಲಲ್ಲಿ ವಿಚಾರಿಸಿದಂತೆ. ಓಡುತ್ತಿರುವುದನ್ನು ತಡೆದು ನಿಲ್ಲಿಸಿ ಮತ್ತೆ ಓಡಿಸುವುದೂ ಇದೇ ಆದೇಶ. ಇಷ್ಟಕ್ಕೆಲ್ಲ ಕೊಲೆಯ ಹೆಸರೇ?

ಆದ್ದರಿಂದ 'ಓಲೆ ಕಳುಹಿಸು' ಎಂದೆ. ಮದುವೆಗೂ ಓಲೆ, ಯಮನದೂ ಓಲೆ. ಚಿತ್ರದುರ್ಗದ ಗೆಳೆಯ ತಕ್ಷಣ ತಕರಾರು ತೆಗೆದ: 9ನೆಯ ಸಂಕೇತವನ್ನು ತಡೆಯಲೂ ಆಗದು, ಕಡೆಗಣಿಸಲೂ ಆಗದು, ಅದು ಪ್ರೋಗ್ರಾಮಿನ ಕೈಗೆ ತಲುಪುವುದೇ ಇಲ್ಲ, ವ್ಯವಸ್ಥೆಯ ತಿರುಳಾದ ಕರ್ನೆಲ್ ನೇರವಾಗಿ ಮುಗಿಸುತ್ತದೆ. ಓದಲಾಗದ್ದು ಎಂಥ ಓಲೆ? ಅವನು ಅದನ್ನು 'ಒನಕೆ' ಎನ್ನುತ್ತಾನೆ. ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರಿಗೆ ಓಬವ್ವ ಮೊದಲೇ ತಿಳಿಸಿ ಹೊಡೆದಳೇ ಎಂದು ಕೇಳಿದ. ಊರಿನ ಅಭಿಮಾನ ಸ್ವಲ್ಪ ಹೆಚ್ಚಾಯಿತಾದರೂ ಪದ ಚೆನ್ನಾಗಿದೆ.

ನಿಜವಾದ ತೊಡಕು 'ಜೋಂಬಿ'ಯದು. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಕುಳಿತಿದ್ದುದು ಅಂಥದ್ದೇ. ಆ ಪ್ರಕ್ರಿಯೆ ಸತ್ತಾಗಿದೆ, ಆದರೆ ಅದನ್ನು ಹುಟ್ಟಿಸಿದ ಅಪ್ಪ ಪ್ರಕ್ರಿಯೆ ಅದರ ಕೊನೆಯ ವರದಿ ಪಡೆಯದ ಕಾರಣ ಪಟ್ಟಿಯಲ್ಲಿ ಹೆಸರು ಉಳಿದಿದೆ. ಸತ್ತವನಿಗೆ ಒನಕೆ ನಾಟುವುದಿಲ್ಲ. ಅಪ್ಪನೂ ಮುಗಿದರೆ ಸಾಮಾನ್ಯವಾಗಿ ವ್ಯವಸ್ಥೆ ಶುರುವಾದಾಗ ಮೊದಲು ಹುಟ್ಟುವ 1ನೆಯ ಪ್ರಕ್ರಿಯೆ ಮಗನನ್ನು ದತ್ತು ಪಡೆದು ಉಳಿದ ಕಾರ್ಯ ಮಾಡುತ್ತದೆ. ಇಷ್ಟು ಕೇಳಿದ ದೋಸೆಯವರು, "ತಿಥಿ ಆಗಿಲ್ಲ ಎನ್ನಿ ಮತ್ತೆ" ಎಂದು ತಟ್ಟೆ ಇಟ್ಟು ಹೋದರು.

ಹಾಗಾದರೆ 'ಜೋಂಬಿ'ಗೆ 'ಪ್ರೇತ' ಸರಿಯಲ್ಲವೇ? ಸತ್ತವನನ್ನು ಪಿತೃಗಳೊಡನೆ ಸೇರಿಸುವ ಸಪಿಂಡೀಕರಣ ಆಗುವ ತನಕ ಸತ್ತವನು ಪ್ರೇತ, ಆಮೇಲೆ ಪಿತೃ. ಅರ್ಥ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಇಂದಿನವರು ಪ್ರೇತವೆಂದರೆ ದೆವ್ವವೆಂದೇ ತಿಳಿಯುತ್ತಾರೆ ಎಂಬ ಅಳುಕು ಮಾತ್ರ ಉಳಿದಿದೆ. ನಿಮ್ಮ ಕಡೆ ಬೇರೆ ಪದವಿದ್ದರೆ ತಿಳಿಸಿ.