ಒಂದೇ ಹಾಳೆ ಮೂರು ವಿಷಯಗಳಿಗೆ ಸೇರಿದರೆ ಯಾವ ಫೈಲಿನಲ್ಲಿ ಇಡಬೇಕು?

ಪ್ರಶ್ನೆ (ವಿಜಯನಗರ, ಬೆಂಗಳೂರು)

ಮಾನ್ಯರೇ, ನಾನು ಕೆಎಎಸ್ ಪರೀಕ್ಷೆಗೆ ಮನೆಯಲ್ಲಿಯೇ ಓದುತ್ತಿದ್ದೇನೆ. ನಾಲ್ಕು ವರ್ಷಗಳಿಂದ ಕೂಡಿಟ್ಟ ಜೆರಾಕ್ಸ್ ಪ್ರತಿಗಳು, ಮುದ್ರಿಸಿಕೊಂಡ ವರದಿಗಳು ಮತ್ತು ಪತ್ರಿಕೆಗಳಿಂದ ಕತ್ತರಿಸಿದ ಲೇಖನಗಳು ಹದಿನೆಂಟು ಬಾಕ್ಸ್ ಫೈಲುಗಳನ್ನು ತುಂಬಿವೆ. ಫೈಲುಗಳ ಬೆನ್ನಿನ ಮೇಲೆ ಇತಿಹಾಸ, ಸಂವಿಧಾನ, ಭೂಗೋಳ ಎಂದು ಬರೆದಿದ್ದರೂ ಬೇಕಾದ ಹಾಳೆ ಬೇಕಾದಾಗ ಸಿಗುವುದಿಲ್ಲ. ಕಾವೇರಿ ನೀರು ಹಂಚಿಕೆಯ ಬಗ್ಗೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಟಿಪ್ಪಣಿಯನ್ನು ಹುಡುಕುವುದರಲ್ಲಿಯೇ ಕಳೆದ ವಾರ ಒಂದು ಸಂಜೆ ಕಳೆಯಿತು. ಇದರ ಜೊತೆಗೆ, ಮುಖ್ಯವೆಂದು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಜೆರಾಕ್ಸ್ ಹಾಳೆಗಳ ಅಕ್ಷರಗಳು ಹೊದಿಕೆಗೆ ಅಂಟಿ ಕಿತ್ತುಬರುತ್ತಿವೆ. ದಯವಿಟ್ಟು ದಾರಿ ತಿಳಿಸಿ.

ಉತ್ತರ (ಜಯನಗರ)

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ತೊಂದರೆ ಇರುವುದು ನಿಮ್ಮ ಶ್ರದ್ಧೆಯಲ್ಲಲ್ಲ, ವಿಷಯವಾರು ಜೋಡಿಸುವ ಕ್ರಮದಲ್ಲಿ. ಅದೇ ತೀರ್ಪನ್ನು ನೋಡಿ: ಅಂತರರಾಜ್ಯ ನದಿ ವಿವಾದವಾದ್ದರಿಂದ ಅದು ಸಂವಿಧಾನದ 262ನೆಯ ವಿಧಿಗೆ ಸೇರುತ್ತದೆ, ಜಲಾನಯನ ಪ್ರದೇಶದ ವಿಚಾರವಾದ್ದರಿಂದ ಭೂಗೋಳಕ್ಕೆ ಸೇರುತ್ತದೆ, ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಹೆಚ್ಚುವರಿಯಾಗಿ ದೊರೆತದ್ದರಿಂದ ನಗರಾಡಳಿತಕ್ಕೂ ಸೇರುತ್ತದೆ. ಇಟ್ಟ ದಿನ ಒಂದು ವಿಷಯವಾಗಿ ಕಂಡ ಹಾಳೆ ಹುಡುಕುವ ದಿನ ಬೇರೆ ವಿಷಯವಾಗಿ ನೆನಪಾಗುತ್ತದೆ. ಗ್ರಂಥಾಲಯದ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕೋಲನ್ ವರ್ಗೀಕರಣವನ್ನು 1933ರಲ್ಲಿ ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರು ಒಂದು ವಿಷಯಕ್ಕೆ ಹಲವು ಮುಖಗಳಿರುತ್ತವೆ ಎಂಬುದನ್ನೇ ತಮ್ಮ ಪದ್ಧತಿಯ ಆಧಾರವಾಗಿ ಮಾಡಿಕೊಂಡರು. ಅವರು 1962ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭಿಸಿದ ದಾಖಲೀಕರಣ ಸಂಶೋಧನಾ ಮತ್ತು ತರಬೇತಿ ಕೇಂದ್ರದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ಹಾಗಾಗಿ ಹಾಳೆಯ ಜಾಗವನ್ನು ಸಂಖ್ಯೆ ನಿರ್ಧರಿಸಲಿ, ವಿಷಯವನ್ನು ಸೂಚಿ, ಎಂದರೆ ಯಾವ ವಿಷಯ ಯಾವ ಸಂಖ್ಯೆಯಲ್ಲಿದೆ ಎಂಬ ಪಟ್ಟಿ, ಹೇಳಲಿ. ಪ್ರತಿಯೊಂದು ಟಿಪ್ಪಣಿಯ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಕ್ರಮಸಂಖ್ಯೆ ಬರೆದು, ಅದೇ ಕ್ರಮದಲ್ಲಿ ಫೈಲಿಗೆ ಹಾಕಿ. ಬೆನ್ನಿನ ಮೇಲೆ ‘1ರಿಂದ 60’, ‘61ರಿಂದ 115’ ಎಂದಷ್ಟೇ ಇದ್ದರೆ ಸಾಕು. ಹೊಸದಾಗಿ ಬಂದದ್ದು ಯಾವಾಗಲೂ ಕೊನೆಯ ಫೈಲಿನ ಕೊನೆಗೆ ಹೋಗುವುದರಿಂದ ನಡುವೆ ಜಾಗ ಮಾಡಿಕೊಡುವ ಕೆಲಸವೇ ಇರುವುದಿಲ್ಲ. ತೀರ್ಪಿನ ಟಿಪ್ಪಣಿಯ ಸಂಖ್ಯೆ 214 ಆಗಿದ್ದರೆ, ಎಕ್ಸೆಲ್ ಪಟ್ಟಿಯಲ್ಲಾಗಲಿ ದಪ್ಪ ನೋಟ್‌ಬುಕ್ಕಿನಲ್ಲಾಗಲಿ ‘ಕಾವೇರಿ’, ‘262ನೆಯ ವಿಧಿ’, ‘ಬೆಂಗಳೂರು, ಕುಡಿಯುವ ನೀರು’ ಎಂಬ ಮೂರೂ ಕಡೆ 214 ಎಂದು ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ: ಒಮ್ಮೆ ‘ನೀರಾವರಿ’ ಎಂದೂ ಮತ್ತೊಮ್ಮೆ ‘ಜಲ ಸಂಪನ್ಮೂಲ’ ಎಂದೂ ಬರೆದರೆ ಸೂಚಿಯಲ್ಲಿಯೂ ಹಳೆಯ ಗೊಂದಲವೇ ಮರಳುತ್ತದೆ. ಒಂದು ಪದವನ್ನು ಆರಿಸಿಕೊಂಡು, ಇನ್ನೊಂದರ ಎದುರು ‘ನೀರಾವರಿ ನೋಡಿ’ ಎಂದು ಬರೆದಿಡಿ.

ಪ್ರಶ್ನಿಸಿದವರು

ಧನ್ಯವಾದಗಳು, ಸರ್. ಆದರೆ ಪರೀಕ್ಷೆಗೆ ಮುಂಚಿನ ವಾರ ಸಂವಿಧಾನದ ಹಾಳೆಗಳೆಲ್ಲವೂ ಒಟ್ಟಿಗೆ ಕೈಯಲ್ಲಿರಬೇಕಲ್ಲವೇ?

ಉತ್ತರ (ಜಯನಗರ)

ಖಂಡಿತ ಬೇಕು. ಸೂಚಿ ನೋಡಿಕೊಂಡು ಆ ಹಾಳೆಗಳನ್ನು ಹೊರತೆಗೆದು ಒಂದು ತಾತ್ಕಾಲಿಕ ಫೈಲು ಮಾಡಿಕೊಳ್ಳಿ, ತೆಗೆದ ಜಾಗದಲ್ಲಿ ಒಂದು ಬಣ್ಣದ ಚೀಟಿ ಇಡಿ. ಓದು ಮುಗಿದ ಮೇಲೆ ಮೂಲೆಯ ಸಂಖ್ಯೆಯನ್ನು ನೋಡಿ ಮನೆಯವರು ಯಾರು ಬೇಕಾದರೂ ಅವನ್ನು ಸ್ವಸ್ಥಾನಕ್ಕೆ ಸೇರಿಸಬಹುದು.

ಇನ್ನೊಂದು ಉತ್ತರ (ಮಲ್ಲೇಶ್ವರ)

ಪ್ಲಾಸ್ಟಿಕ್ಕಿನ ವಿಚಾರ ಹೇಳುತ್ತೇನೆ. ಜೆರಾಕ್ಸ್ ಅಕ್ಷರವು ಶಾಯಿಯಲ್ಲ. ಕಾಗದದ ಮೇಲೆ ಕರಗಿಸಿ ಕೂರಿಸಿದ ಪ್ಲಾಸ್ಟಿಕ್ ಪುಡಿ. ಪಿವಿಸಿ ಹೊದಿಕೆಯನ್ನು ಮೃದುವಾಗಿಸಲು ಬೆರೆಸಿರುವ ಎಣ್ಣೆಯಂಥ ವಸ್ತು ಮೆಲ್ಲನೆ ಹೊರಬಂದು ಆ ಪುಡಿಯನ್ನೂ ಮೆತ್ತಗಾಗಿಸುತ್ತದೆ. ಆದ್ದರಿಂದ ಪಾಲಿಪ್ರೊಪಿಲೀನ್ ಹೊದಿಕೆಯನ್ನೇ ಕೇಳಿ ತೆಗೆದುಕೊಳ್ಳಿ. ಈಗಾಗಲೇ ಅಂಟಿರುವ ಹಾಳೆಗಳನ್ನು ಬಲವಂತದಿಂದ ಎಳೆಯಬೇಡಿ. ಹೊದಿಕೆಯ ಸಮೇತ ಮೊದಲು ಜೆರಾಕ್ಸ್ ಮಾಡಿಸಿಕೊಂಡು, ಆ ಮೇಲೆ ಬಿಡಿಸಿ. ಮಳೆಗಾಲಕ್ಕೆ ಮುಂಚೆ ಸ್ಟೇಪ್ಲರ್ ಪಿನ್ನುಗಳನ್ನೂ ತೆಗೆದುಬಿಡಿ, ತುಕ್ಕು ಕಾಗದವನ್ನು ತಿನ್ನುತ್ತದೆ.

ಪ್ರಶ್ನಿಸಿದವರು (ಎರಡು ವಾರಗಳ ನಂತರ)

ಈವರೆಗೆ 140 ಟಿಪ್ಪಣಿಗಳಿಗೆ ಸಂಖ್ಯೆ ಹಾಕಿದ್ದೇನೆ. ಪಂಚಾಯತ್ ರಾಜ್ ಕುರಿತ ಒಂದೇ ಲೇಖನದ ಮೂರು ಪ್ರತಿಗಳು ಮೂರು ಫೈಲುಗಳಲ್ಲಿ ದೊರೆತವು. ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ನಾನೇ ಮೂರು ಜೆರಾಕ್ಸ್ ಮಾಡಿಸಿದ್ದೆ. ಅಡಿಗೆರೆ ಎಳೆದು ಓದಿದ್ದ ಪ್ರತಿಯನ್ನು ಉಳಿಸಿಕೊಂಡು ಅದಕ್ಕೆ 87 ಎಂದು ಸಂಖ್ಯೆ ಕೊಟ್ಟಿದ್ದೇನೆ. ಉಳಿದೆರಡನ್ನು ಜೊತೆಗೆ ಓದುವ ಗೆಳೆಯರಿಗೆ ಕೊಟ್ಟೆ.