ಪದಚರ್ಚೆ: ‘ಕ್ಯಾಶ್ಡ್ ಸ್ಟ್ರೀಮ್’ ಎಂದರೆ ನಗದು ಹರಿವಲ್ಲ

ಹಿಂಜವಡಿ, ಪುಣೆ:

ಇಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗರಿಗಾಗಿ ಯೂನಿಟ್ ಟೆಸ್ಟಿಂಗ್ (ಕೋಡಿನ ಒಂದೊಂದು ತುಣುಕನ್ನೂ ಬಿಡಿಯಾಗಿ ಪರೀಕ್ಷಿಸುವುದು) ಕುರಿತ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ಶನಿವಾರ ಅದು ಮುದ್ರಣಕ್ಕೆ ಹೋಗಬೇಕು. ಜಾವಾಸ್ಕ್ರಿಪ್ಟಿನಲ್ಲಿ ದತ್ತಾಂಶದ ಹರಿವನ್ನು ನಿಭಾಯಿಸುವ ಲೈಬ್ರರಿಯಾದ ಆರ್‌ಎಕ್ಸ್‌ಜೆಎಸ್‌ನಲ್ಲಿ ಸರ್ವರಿನಿಂದ ಒಮ್ಮೆ ತಂದ ಮೌಲ್ಯವನ್ನು ‘ಶೇರ್‌ರೀಪ್ಲೇ’ ಎಂಬ ಕ್ರಿಯೆ ಇಟ್ಟುಕೊಂಡು ತಡವಾಗಿ ಬಂದ ಚಂದಾದಾರರಿಗೂ (ಆ ಮೌಲ್ಯ ಕೇಳುವ ಕೋಡಿನ ಭಾಗಗಳಿಗೂ) ಅದನ್ನೇ ಕೊಡುತ್ತದೆ. ಟ್ರಿಗರ್, ಅಂದರೆ ಹೊಸದನ್ನು ತಾ ಎಂಬ ಸೂಚನೆ, ಬಂದಾಗ ಮಾತ್ರ ‘ಸ್ವಿಚ್‌ಮ್ಯಾಪ್’ ಎಂಬ ಇನ್ನೊಂದು ಕ್ರಿಯೆಯ ಮೂಲಕ ಹೊಸದನ್ನು ತರಿಸಬೇಕು. ಪರೀಕ್ಷಿಸಬೇಕಾದದ್ದು ಇಷ್ಟೇ: ಚಂದಾದಾರರು ಇಬ್ಬರಿದ್ದರೂ ಸರ್ವರಿಗೆ ಹೋದ ಕರೆ 1 ಆಗಿರಬೇಕು, ಟ್ರಿಗರ್ ಒಮ್ಮೆ ಬಂದ ಮೇಲೆ 2 ಆಗಬೇಕು. ‘ಟೆಸ್ಟ್‌ಶೆಡ್ಯೂಲರ್’ ಎಂಬ ಪರೀಕ್ಷಾ ಸಾಧನ ಕೃತಕ ಕಾಲದಲ್ಲಿ ಓಡುವುದರಿಂದ ಗಡಿಯಾರ ನೋಡುತ್ತ ಕೂರಬೇಕಾಗಿಲ್ಲ. ಇಷ್ಟೆಲ್ಲ ಬರೆದು, ಹೀಗೆ ಒಮ್ಮೆ ತಂದದ್ದನ್ನೇ ಇಟ್ಟುಕೊಂಡು ಕೊಡುವ ಹರಿವನ್ನು ‘ಕ್ಯಾಶ್ಡ್ ಸ್ಟ್ರೀಮ್’ (cached stream) ಎಂದು ಹಾಗೆಯೇ ಬಿಟ್ಟಿದ್ದೆ. ಕರಡು ತಿದ್ದಿದವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ಕೆಂಪು ಶಾಯಿಯಲ್ಲಿ ‘ನಗದು ಹರಿವು’ ಎಂದು ಮಾಡಿ ಕಳುಹಿಸಿದ್ದಾರೆ. ಕ್ಯಾಶ್, ಟ್ರಿಗರ್ ಎರಡಕ್ಕೂ ಪದ ಬೇಕಾಗಿದೆ.

ಡೊಂಬಿವಲಿ:

ಹಿರಿಯರದು ತಪ್ಪಲ್ಲ. ನಗದಿನ cash, ನಿಮ್ಮ cache ಎರಡರ ಉಚ್ಚಾರ ಒಂದೇ; ಇಂಗ್ಲಿಷಿನಲ್ಲಿ ಕಾಗುಣಿತವಷ್ಟೇ ಕಾಯುತ್ತಿದ್ದ ಭೇದವು ನಮ್ಮ ಲಿಪಿಗೆ ಬಂದೊಡನೆ ಅಳಿಸಿಹೋಗುತ್ತದೆ. cache ಪದದ ಮೂಲ ‘ಬಚ್ಚಿಡು’ ಎಂಬರ್ಥದ ಫ್ರೆಂಚ್ ಧಾತು. ನೆಲದೊಳಗೆ ಜೋಳ ಬಚ್ಚಿಡುವ ಹಗೇವು ನಮ್ಮಲ್ಲಿರುವಾಗ ಎರವಲೇಕೆ? ಟ್ರಿಗರ್‌ಗೆ ಕುದುರೆ ಎನ್ನಿ. ಬಂದೂಕಿನ ಕುದುರೆ ಎಳೆದವರಿಗೆ ‘ಪ್ರಚೋದಕ’ದ ಹಂಗು ಇರಲಿಲ್ಲ. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ಮಡಗಾಂವ್:

ಉಳಿದಿದೆ. ವ್ಯುತ್ಪತ್ತಿ ಹೊಂದಿದ ಮಾತ್ರಕ್ಕೆ ಕೆಲಸ ಹೊಂದುವುದಿಲ್ಲ. ಹಗೇವನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು, ತೆರೆದ ದಿನ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರನ್ನೂ ಇಳಿಸದೆ, ಆಮೇಲೆ ಬುಟ್ಟಿಯಲ್ಲಿ ಕಾಳನ್ನು ಮೇಲೆತ್ತುತ್ತಾರೆ. ಎತ್ತಿದಷ್ಟೂ ಅದು ಬರಿದಾಗುತ್ತದೆ. ಇಲ್ಲಿ ಹತ್ತು ಚಂದಾದಾರರು ಓದಿದರೂ ಮೌಲ್ಯ ಕರಗುವುದಿಲ್ಲ. ಎಲೆಯಡಿಕೆ ಸಂಚಿ ಎನ್ನೋಣವೆಂದರೆ ಅದೂ ಇದೇ ಕಾರಣಕ್ಕೆ ಸಲ್ಲದು. ಇನ್ನು ಕುದುರೆಯ ಅಭಿಮಾನ: ಬಂದೂಕಿನ ಆ ಭಾಗವನ್ನು ಮರಾಠಿಗರೂ ‘ಘೋಡಾ’ ಎನ್ನುತ್ತಾರೆ. ನೆರೆಯವರೊಂದಿಗೆ ಹಂಚಿಕೊಂಡ ರೂಪಕವನ್ನು ಅಚ್ಚಗನ್ನಡವೆಂದು ಮೆರೆಸುತ್ತ ಟ್ರಿಗರ್ ಅನ್ನು ಹೊರಗಟ್ಟುವುದು ನನಗೆ ಸರಿಕಾಣದು. ಹುಡುಗರ ಕೋಡಿನಲ್ಲಿ ಅದೇ ಹೆಸರಿದೆ, ಇರಲಿ. ಕ್ಯಾಶ್ಡ್‌ಗೆ ‘ಹಿಡಿದಿಟ್ಟ’ ಎಂದರೆ ಸಾಕು. ಹೊಸದು ಬಂದ ಮೇಲೂ ಉಳಿದ ಹಳೆಯ ಮೌಲ್ಯಕ್ಕೆ ‘ಹಳಸಿದ್ದು’ ಎಂಬ ಅಡುಗೆಮನೆಯ ಮಾತಿದೆ.

ಡೊಂಬಿವಲಿ:

‘ಹಿಡಿದಿಟ್ಟ’ ಎಂಬುದು ವಿವರಣೆ, ಪದವಲ್ಲ. ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟೇ ಕನ್ನಡದ ಹಗೇವು ಬರಿದಾದದ್ದು.

ಹಿಂಜವಡಿ, ಪುಣೆ:

ಇಬ್ಬರಿಗೂ ವಂದನೆಗಳು. ಮುದ್ರಣಕ್ಕೆ ಹೋಗುವ ವಾಕ್ಯ ಹೀಗಿದೆ: ‘ಟ್ರಿಗರ್ ಬರುವ ತನಕ ಹಿಡಿದಿಟ್ಟ ಹರಿವು ಸರ್ವರಿಗೆ ಮತ್ತೆ ಕರೆ ಕಳುಹಿಸಕೂಡದು, ಬಂದ ಮೇಲೆ ಯಾವ ಚಂದಾದಾರರಿಗೂ ಹಳಸಿದ್ದನ್ನು ಬಡಿಸಕೂಡದು.’