ಕುಂಬಳೆ ಅಳಿವೆಯಲ್ಲಿ ಕಾಣೆ ಮೀನು ನನಗೆ ಮಾತ್ರ ಕಾಣೆ

ರಜೆಯಲ್ಲಿ ಬಂದವ:
ದುಬೈಯಿಂದ ಒಂದು ತಿಂಗಳ ರಜೆಗೆ ಊರಿಗೆ ಬಂದಿದ್ದೇನೆ. ಬರುವಾಗ ಒಳ್ಳೆಯ ರಾಡು, ರೀಲು, ಬಣ್ಣಬಣ್ಣದ ನಾಲ್ಕು ಪ್ಲಾಸ್ಟಿಕ್ ಮೀನು ತಂದೆ. ಶಿರಿಯ ಹೊಳೆ, ಕುಂಬಳೆ ಹೊಳೆ ಎರಡೂ ಸೇರಿ ಮರಳ ದಿಣ್ಣೆಯ ಹಿಂದೆ ಅಗಲಕ್ಕೆ ಹರಡಿಕೊಂಡಿದೆಯಲ್ಲ, ಅಲ್ಲಿಗೆ ಮೂರು ದಿನ ಹೋದೆ. ಮೊಣಕಾಲು ಮಟ್ಟದ ನೀರು. ತಿಂಡಿ ಮುಗಿಸಿ ಹತ್ತು ಗಂಟೆಗೆ ಇಳಿದರೆ ಒಂದು ಗಂಟೆವರೆಗೂ ನಿಲ್ಲುತ್ತೇನೆ.

ಮೊದಲ ದಿನ ಸೊನ್ನೆ. ಎರಡನೇ ದಿನ, ಹೊಟ್ಟೆಯನ್ನು ಚೆಂಡಿನ ಹಾಗೆ ಉಬ್ಬಿಸಿಕೊಳ್ಳುವ ಒಂದು ಮೀನು. ನನ್ನ ಪ್ಲಾಸ್ಟಿಕ್ ಮೀನಿನ ಬಾಲ ಕತ್ತರಿಸಿಯೇ ಬಿಟ್ಟಿತ್ತು! ಮೂರನೇ ದಿನ ಒಂದು ತೇಡೆ, ಆ ಮೀಸೆಯ ಮುಳ್ಳು ಮೀನು. ಗಾಳ ಬಿಡಿಸುವಾಗ ಹೆಬ್ಬೆರಳಿಗೆ ಕುತ್ತಿತು. ಸಂಜೆವರೆಗೂ ಉರಿ.

ನಾನು ಹೋಗುವ ಹೊತ್ತಿಗೆ ಒಬ್ಬ ಅಜ್ಜ ವಾಪಸ್ ಬರುತ್ತಿರುತ್ತಾರೆ. ಬಿದಿರಿನ ಕೋಲು, ತಂಗೂಸು, ಸಣ್ಣ ಗಾಳ, ಅಷ್ಟೇ. ಬಕೆಟಿನಲ್ಲಿ ಹದಿನೈದಿಪ್ಪತ್ತು ಕಾಣೆ ಮೀನು. ಗುಟ್ಟೇನು ಅಂತ ಕೇಳಿದೆ. "ನೀರು ನೋಡಿ ಬಾ" ಅಂತ ಹೇಳಿ ಬೀಡಿ ಹಚ್ಚಿಕೊಂಡು ಹೋದರು. ನಾನು ನೋಡುತ್ತಲೇ ಇದ್ದೇನೆ ಮಾರಾಯ್ರೆ, ಅಲ್ಲಿ ಇರುವುದೇ ನೀರು!

ಕೊಯಿಪ್ಪಾಡಿ ಕರೆ:
ಮೊದಲು ಕೈಯ ವಿಷಯ. ಇನ್ನೊಮ್ಮೆ ತೇಡೆ ಕುತ್ತಿದರೆ ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಾದರೂ ಬೆರಳು ಅದ್ದಿಡಿ. ಬಿಸಿಗೆ ಆ ವಿಷದ ಬಲ ಕುಗ್ಗುತ್ತದೆ. ಮುಳ್ಳು ಒಳಗೇ ಮುರಿದರೆ ಡಾಕ್ಟರ ಹತ್ತಿರ ಹೋಗಿ. ಆ ಉಬ್ಬುವ ಮೀನನ್ನು ಯಾರೇ ಹೇಳಿದರೂ ತಿನ್ನಬೇಡಿ, ಅದರಲ್ಲಿ ಪ್ರಾಣ ತೆಗೆಯುವ ವಿಷ ಉಂಟು.

ಅಜ್ಜ ಹೇಳಿದ್ದು ಉಬ್ಬರ-ಇಳಿತದ ಮಾತು. ನೀವು ಗಡಿಯಾರ ನೋಡಿ ಹೋಗುತ್ತಿದ್ದೀರಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಐದಕ್ಕೆ ಏರಲು ಶುರುವಾದ ನೀರು ನಾಳೆ ಆರಕ್ಕೆ ಹತ್ತಿರ. ಬೇಸಿಗೆಯಲ್ಲಿ ಹೊಳೆಯ ಸಿಹಿನೀರು ಕಡಿಮೆ, ಉಪ್ಪುನೀರು ಒಳಗೆ ಹತ್ತುತ್ತದೆ (ಅದಕ್ಕೇ ಅಲ್ವಾ ತೋಟದವರು ಹೊಳೆಗೆ ಅಡ್ಡ ಕಟ್ಟ ಕಟ್ಟುವುದು). ಕಡಲ ಮೀನೂ ಅದರ ಜೊತೆ ಬರುತ್ತದೆ. ಆದರೆ ಎರಡಡಿ ನೀರು ಹತ್ತು ಗಂಟೆಗೇ ಕಾದು ಹೋಗುತ್ತದೆ. ಬಿಸಿ ನೀರಲ್ಲಿ ಪ್ರಾಣವಾಯು ಕಡಿಮೆ. ಮೀನು ಆಳದ ಚಾಲಿಗೆ ಇಳಿದಿರುತ್ತದೆ, ನೀವು ಖಾಲಿ ಅಂಗಳದಲ್ಲಿ ನಿಂತಿರುತ್ತೀರಿ.

ಬೆಳಕು ಹರಿಯುವಾಗ ನೀರು ಏರುವ ದಿನ ನೋಡಿ ಹೋಗಿ. ಕಡಲಿಂದ ತಂಪು ನೀರು ಮರಳಿನ ಮೇಲೆ ಹತ್ತುವಾಗ ಕಾಣೆಯೂ ಹಿಂದೆಯೇ ಹತ್ತುತ್ತದೆ, ಮರಳಿನ ಹುಳ ಹುಡುಕಿಕೊಂಡು. ಅದರ ಬಾಯಿ ಚಿಕ್ಕದು, ನಿಮ್ಮ ಪ್ಲಾಸ್ಟಿಕ್ ಮೀನು ಅದಕ್ಕೆ ಬೇಡ. ಸಿಗಡಿಯ ಸಿಪ್ಪೆ ಸುಲಿದು ಉಗುರಿನಷ್ಟು ತುಂಡು ಸಣ್ಣ ಗಾಳಕ್ಕೆ ಹಾಕಿ, ನೆಲ ಮುಟ್ಟುವ ಹಾಗೆ ಬಿಡಿ. ಮೊದಲು ಟಕ್ ಟಕ್ ಅಂತ ಕುಟ್ಟುತ್ತದೆ. ಆಗ ಎಳೆಯಬೇಡಿ. ದಾರ ನಿಧಾನಕ್ಕೆ ಒಂದು ಕಡೆ ಸಾಗಿತೋ, ಆಗ ಎತ್ತಿ. ಮತ್ತೆ ನೀರಲ್ಲಿ ದಡಬಡ ನಡೆಯಬೇಡಿ, ಕಾಣೆ ಹೆದರಿದರೆ ಮರಳೊಳಗೇ ಹೂತುಕೊಳ್ಳುವ ಜಾತಿ.

ತೃಕ್ಕರಿಪುರಕ್ಕೆ ವರ್ಗವಾದವ:
ನಡೆಯುವ ವಿಷಯಕ್ಕೆ ಒಂದು ಮಾತು. ಕಾಲು ಎತ್ತಿ ಇಡಬೇಡಿ, ಮರಳಿನಲ್ಲಿ ಉಜ್ಜಿಕೊಂಡು ಹೋಗಿ. ತೊರಕೆ (ಉದ್ದ ಬಾಲದ ಚಪ್ಪಟೆ ಮೀನು) ಮಲಗಿದ್ದರೆ ಸದ್ದಿಗೆ ಎದ್ದು ಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಬಿಡುತ್ತದೆ. ನಾನು ಇಲ್ಲಿ ಕವ್ವಾಯಿ ಕಾಯಲಿನಲ್ಲಿ (ಹಿನ್ನೀರಿನಲ್ಲಿ) ಕಲಿತದ್ದು. ಇಲ್ಲಿ ಬಿದಿರು ನೆಟ್ಟು ಹಗ್ಗದಲ್ಲಿ ಕಲ್ಲುಮ್ಮಕ್ಕಾಯಿ ಅನ್ನುವ ಚಿಪ್ಪುಜೀವಿ ಬೆಳೆಸುತ್ತಾರೆ, ಮಳೆಯ ಸಿಹಿನೀರು ಬರುವ ಮೊದಲೇ ಕೀಳುತ್ತಾರೆ. ಆ ಕಂಬಗಳ ಸುತ್ತ ಮೀನು ಜಾಸ್ತಿ, ನಿಜ. ಗಾಳ ಹಾಕಿ ಹಗ್ಗಕ್ಕೆ ಸಿಕ್ಕಿಸಿ ನಾನು ಮಲೆಯಾಳದಲ್ಲಿ ಚೆನ್ನಾಗಿ ಬೈಸಿಕೊಂಡೆ.

ಕಾಂಡ್ಲದ ನೆರಳು:
ಪ್ಲಾಸ್ಟಿಕ್ ಮೀನು ಎಸೆಯಬೇಡಿ. ಮುಸ್ಸಂಜೆ ಸೇತುವೆಯ ಕಂಬದ ಬುಡದಲ್ಲಿ ಎಳೆದು ನೋಡಿ, ಚೆಂಬಲ್ಲಿ ಮೀನು ಕಚ್ಚಬಹುದು. ರಾಡು ಮಾರುವುದಿದ್ದರೆ ಮಾತ್ರ ನನಗೇ ಹೇಳಿ.

ರಜೆಯಲ್ಲಿ ಬಂದವ:
ರಾಡು ಮಾರುವುದಿಲ್ಲ! ಇವತ್ತು ಐದೂವರೆಗೆ ಹೋದೆ. ನೀರು ಪಾದಕ್ಕೆ ತಣ್ಣಗೆ ಹತ್ತುತ್ತಿತ್ತು. ಮೊದಲ ಮೂರು ಕುಟ್ಟಿಗೆ ಅವಸರ ಮಾಡಿ ಎಳೆದೆ, ಮೂರೂ ಹೋದವು. ಆಮೇಲೆ ಸುಮ್ನೆ ನಿಂತೆ. ಏಳು ಗಂಟೆ ದಾಟುವಾಗ ಬಕೆಟಿನಲ್ಲಿ ಏಳು ಕಾಣೆ. ಅಜ್ಜ ಬಂದು ಇಣುಕಿದರು. "ಆ ಸಣ್ಣದೆರಡು ಯಾಕೆ?" ಅಂದರು. ಬಕೆಟಿನ ನೀರಲ್ಲಿ ಇನ್ನೂ ಓಡಾಡುತ್ತಿದ್ದವು, ಬಿಟ್ಟೆ. ಈಗ ಐದು ಮೀನು, ಮನೆಯಲ್ಲಿ ಆರು ಜನ.